ಮೈನಸ್ ಮೂವತ್ತರ ಚಳಿಯಲ್ಲಿ ಹಿತ್ತಿಲಿನ ಪೇರ್ ಮರ ಬದುಕುತ್ತದೆಯೇ?

ಪ್ರಶ್ನೆ: ಮಿನಿಯಾಪೊಲಿಸ್ ಹತ್ತಿರ ಹೊಸದಾಗಿ ಮನೆ ಕೊಂಡಿದ್ದೇವೆ. ಹೋದ ವರ್ಷ ಅಂಗಡಿಯಿಂದ ಬಾರ್ಟ್‌ಲೆಟ್ ಎಂಬ ತಳಿಯ ಪೇರ್ (ಮರಸೇಬು) ಸಸಿ ತಂದು ನೆಟ್ಟೆವು. ಅದರ ಚೀಟಿಯಲ್ಲಿ ‘ವಲಯ 5’ ಎಂದಿತ್ತು, ಸರ್ಕಾರದ ಚಳಿವಲಯಗಳ ನಕ್ಷೆಯಲ್ಲಿ ನಮ್ಮ ಊರೂ 5ರಲ್ಲೇ ಇದೆ. ಚಳಿಗಾಲಕ್ಕೆ ಗೋಣಿತಾಟು ಸುತ್ತಿದ್ದೆವು. ಈಗ ಮೇಲೆಲ್ಲ ಒಣಗಿ ಬುಡದಿಂದ ಮಾತ್ರ ಚಿಗುರು ಬಂದಿದೆ. ಇನ್ನೂ ದಪ್ಪಗೆ ಸುತ್ತಬೇಕಿತ್ತೇ? ಇಲ್ಲಿ ಪೇರ್ ಬೆಳೆಯುವುದು ಸಾಧ್ಯವೇ?

ಉತ್ತರ:

ಸಾಧ್ಯ. ನಮ್ಮ ಹಿತ್ತಿಲಿನಲ್ಲಿ ಮೂರು ಮರಗಳಿವೆ. ಆದರೆ ಮೊದಲು ನೆಟ್ಟದ್ದು ನಿಮ್ಮ ಹಾಗೆಯೇ ಬಾರ್ಟ್‌ಲೆಟ್, ಸತ್ತದ್ದೂ ನಿಮ್ಮದರ ಹಾಗೆಯೇ. 2012ರಲ್ಲಿ ನೆಟ್ಟೆ, 2014ರ ಜನವರಿಯ ಚಳಿ ಅದನ್ನು ಮುಗಿಸಿತು. ನಾನೂ ಗೋಣಿ ಸುತ್ತಿದ್ದೆ, ಅದರ ಮೇಲೆ ಒಂದು ಹಳೆಯ ಕಂಬಳಿಯನ್ನೂ ಸುತ್ತಿದ್ದೆ. ಪಕ್ಕದ ಮನೆಯ ಅಜ್ಜ ಬೇಲಿಯಾಚೆಯಿಂದ ನೋಡಿ, ‘ಒಳಗೆ ಯಾರನ್ನು ಕೂರಿಸಿದ್ದೀಯ?’ ಎಂದು ಕೇಳಿದ್ದರು. ತಮಾಷೆ ಎಂದುಕೊಂಡಿದ್ದೆ. ಅದರಲ್ಲಿ ಪಾಠವೂ ಇತ್ತೆಂದು ತಿಳಿದದ್ದು ಆಮೇಲೆ. ಕಂಬಳಿ ಬಿಸಿಯನ್ನು ಹುಟ್ಟಿಸುವುದಿಲ್ಲ, ಒಳಗಿರುವವರ ಮೈಬಿಸಿಯನ್ನು ಹಿಡಿದಿಡುತ್ತದೆ. ಎಲೆ ಉದುರಿ ಮಲಗಿದ ಗಿಡಕ್ಕೆ ಮೈಬಿಸಿ ಎಲ್ಲಿಯದು? ವಾರಗಟ್ಟಲೆ ಚಳಿ ಕೂತರೆ ಗೋಣಿಯ ಒಳಗೂ ಹೊರಗೂ ಅದೇ ಮೈನಸ್ ಮೂವತ್ತು. ಹಾಗಾಗಿ ದಪ್ಪ ಸುತ್ತಲಿಲ್ಲ ಎಂದು ಕೊರಗಬೇಡಿ.

ತಪ್ಪಿದ್ದು ತಳಿಯಲ್ಲಿ. ನಕ್ಷೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2023ರಲ್ಲಿ ಅಮೆರಿಕದ ಕೃಷಿ ಇಲಾಖೆ ಹೊಸ ನಕ್ಷೆ ತಂದಾಗ ಇಲ್ಲಿನ ಅವಳಿ ನಗರಗಳಾದ ಮಿನಿಯಾಪೊಲಿಸ್, ಸೇಂಟ್ ಪಾಲ್‌ಗಳ ಸಾಕಷ್ಟು ಭಾಗ 4ರಿಂದ 5ಕ್ಕೆ ಏರಿತು. ಆ ಸಂಖ್ಯೆ ನಿಂತಿರುವುದು 1991ರಿಂದ 2020ರವರೆಗಿನ ಪ್ರತಿ ವರ್ಷದ ಅತಿ ಚಳಿಯ ರಾತ್ರಿಗಳ ಸರಾಸರಿಯ ಮೇಲೆ. ವಲಯ 5 ಎಂದರೆ ಆ ಸರಾಸರಿ ಸುಮಾರು ಮೈನಸ್ 29 ಸೆಲ್ಸಿಯಸ್‌ಗಿಂತ ಕೆಳಗಿಲ್ಲ ಎಂದಷ್ಟೇ ಅರ್ಥ. ಆದರೆ 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಮೈನಸ್ 33 ಆಗಿತ್ತು. ಮರ ಸಾಯುವುದಕ್ಕೆ ಅಂಥ ಒಂದು ರಾತ್ರಿ ಸಾಕು, ಸರಾಸರಿಯನ್ನು ಅದು ಕೇಳುವುದಿಲ್ಲ. ಮೂವತ್ತು ವರ್ಷ ಬಾಳಬೇಕಾದ ಗಿಡವನ್ನು ಕೊಳ್ಳುವಾಗ ನಕ್ಷೆ 5 ಎಂದರೂ ನೀವು 4 ಎಂದೇ ತಿಳಿಯಿರಿ (ಸಂಖ್ಯೆ ಇಳಿದಷ್ಟೂ ಚಳಿ ಹೆಚ್ಚು). ನಗರದಿಂದ ಉತ್ತರಕ್ಕೆ ದೂರ ಇದ್ದರೆ 3 ಎಂದು ತಿಳಿಯಿರಿ. ನಮ್ಮ ಮಿನ್ನೆಸೋಟ ರಾಜ್ಯದ ದಾಖಲೆಯ ಚಳಿ ಮೈನಸ್ 51 ಸೆಲ್ಸಿಯಸ್, 1996ರ ಫೆಬ್ರವರಿ 2ರಂದು, ಟವರ್ ಎಂಬ ಊರಿನ ಬಳಿ. ಅಲ್ಲಿ ಮನೆ ಕೊಂಡಿದ್ದರೆ ನಾನು ಬೇರೆಯೇ ಉತ್ತರ ಬರೆಯುತ್ತಿದ್ದೆ.

ಹಾಗಾದರೆ ಯಾವ ತಳಿ? ಮಿನ್ನೆಸೋಟ ವಿಶ್ವವಿದ್ಯಾಲಯದವರು ನೂರಕ್ಕೂ ಹೆಚ್ಚು ವರ್ಷಗಳಿಂದ ಚಳಿ ತಡೆಯುವ ಹಣ್ಣುಗಳನ್ನು ರೂಪಿಸುತ್ತಿದ್ದಾರೆ. ಸೇಬಿನಲ್ಲಿ ಹನಿಕ್ರಿಸ್ಪ್ ಅವರದೇ ಎಂದು ನಿಮಗೆ ಗೊತ್ತಿರಬಹುದು. ಪೇರ್‌ನಲ್ಲಿ 1934ರ ಪಾರ್ಕರ್, 1980ರ ದಶಕದ ಸಮ್ಮರ್‌ಕ್ರಿಸ್ಪ್ ಅವರ ಕೊಡುಗೆ. ಪಕ್ಕದ ಸೌತ್ ಡಕೋಟದಿಂದ ಲಷಸ್ ಮತ್ತು ಗೌರ್ಮೆ ಬಂದಿವೆ, ಕೆನಡಾದ ಮ್ಯಾನಿಟೋಬದಿಂದ ಯೂರ್. ಇಂಥ ಗಟ್ಟಿ ತಳಿಗಳಲ್ಲಿ ಹಲವಕ್ಕೆ ಚಳಿಯ ಶಕ್ತಿ ಬಂದಿರುವುದು ಮಂಚೂರಿಯ, ಸೈಬೀರಿಯ ಕಡೆಯ ಉಸ್ಸೂರಿ ಎಂಬ ಕಾಡು ಪೇರ್‌ನಿಂದ. ಆ ಕಾಡು ಹಣ್ಣು ಬಾಯಿಗೆ ಒಗರು, ಹರಳು ಹರಳು. ಮರ ಮಾತ್ರ ಉಕ್ಕು.

ನನ್ನ ಆಯ್ಕೆ ಕೇಳಿದರೆ, ಒಂದು ಸಮ್ಮರ್‌ಕ್ರಿಸ್ಪ್ ಇರಲೇಬೇಕು. ಜೊತೆಗೆ ಎರಡನೆಯದು ಬೇಕೇ ಬೇಕು, ಏಕೆಂದರೆ ಪೇರ್ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದು ಅಪರೂಪ. ಇಲ್ಲೊಂದು ಗುಂಡಿ ಇದೆ, ನಾನು ಬಿದ್ದು ಎದ್ದಿದ್ದೇನೆ. 2015ರಲ್ಲಿ ಸಮ್ಮರ್‌ಕ್ರಿಸ್ಪ್ ಮತ್ತು ಗೌರ್ಮೆ ಎರಡನ್ನೂ ನೆಟ್ಟು, ಜೋಡಿಯಾಯಿತು ಎಂದು ನಿಶ್ಚಿಂತನಾದೆ. 2019ರಲ್ಲಿ, ಆ ಮೈನಸ್ 33 ಕಳೆದು ಮೂರು ತಿಂಗಳಿಗೆ, ಎರಡೂ ಮೊದಲ ಸಲ ಹೂಬಿಟ್ಟವು. ಗೌರ್ಮೆಯಲ್ಲಿ ಏಳು ಕಾಯಿ ನಿಂತವು. ಸಮ್ಮರ್‌ಕ್ರಿಸ್ಪ್‌ನಲ್ಲಿ ಒಂದೂ ಇಲ್ಲ. ಓದಿ ನೋಡಿದರೆ ಗೌರ್ಮೆಯ ಪರಾಗ ಬಂಜೆ. ತಾನು ಪಡೆಯುತ್ತದೆ, ಇನ್ನೊಂದಕ್ಕೆ ಕೊಡುವುದಿಲ್ಲ. ಮುಂದಿನ ಮೇ ತಿಂಗಳಿನಲ್ಲಿ ಗೆಳೆಯರ ಮನೆಯ ಪಾರ್ಕರ್ ಮರದಿಂದ ಹೂಬಿಟ್ಟ ನಾಲ್ಕು ಕೊಂಬೆಗಳನ್ನು ಬೇಡಿ ತಂದು, ನೀರು ತುಂಬಿದ ಬಕೆಟ್‌ನಲ್ಲಿಟ್ಟು ಸಮ್ಮರ್‌ಕ್ರಿಸ್ಪ್‌ನ ಕೊಂಬೆಗೆ ತೂಗುಹಾಕಿದೆ. ಮದುವೆ ಮನೆಯ ಅಲಂಕಾರದಂತೆ ಕಾಣುತ್ತಿತ್ತು. ಆ ಬೇಸಿಗೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾಯಿ. ಪ್ರತಿ ವರ್ಷ ಬಕೆಟ್ ಹಿಡಿದು ತಿರುಗುವುದಕ್ಕೆ ಆಗುವುದಿಲ್ಲವಲ್ಲ, ಅದೇ ವರ್ಷ ಯೂರ್ ನೆಟ್ಟೆ. ಎರಡು ಮರಕ್ಕೆ ಮಾತ್ರ ಜಾಗವಿದ್ದರೆ ನೀವು ನೇರವಾಗಿ ಸಮ್ಮರ್‌ಕ್ರಿಸ್ಪ್ ಮತ್ತು ಯೂರ್ ನೆಡಿ. ಹೂ ಬಿಟ್ಟಾಗ ವಾಸನೆ ನೋಡಿ ಬೆಚ್ಚಬೇಡಿ, ಮೀನಿನ ಬುಟ್ಟಿಯ ನೆನಪು ತರುವ ಹೂವದು. ಅದರ ಮಕರಂದದಲ್ಲಿ ಸಕ್ಕರೆ ಕಡಿಮೆ, ಜೇನುನೊಣಗಳು ಹುಲ್ಲಿನಲ್ಲಿರುವ ಹಳದಿ ದಂಡೇಲಿಯನ್ ಕಡೆಗೇ ಹೋಗುತ್ತವೆ. ಮರಗಳು ಹತ್ತಿರ ಹತ್ತಿರ ಇರಬೇಕೆನ್ನುವುದು ಅದಕ್ಕೇ. ಹದಿನೈದು ಇಪ್ಪತ್ತು ಅಡಿ ಅಂತರ ಸರಿ.

ಇನ್ನು ಚಳಿಯ ವಿಷಯ. ಮರಕ್ಕೆ ಚಳಿ ತಡೆಯುವ ಶಕ್ತಿ ಹುಟ್ಟಿನಿಂದ ಬಂದರೂ ಪ್ರತಿ ವರ್ಷ ಅದನ್ನು ಹೊಸದಾಗಿ ತಯಾರು ಮಾಡಿಕೊಳ್ಳಬೇಕು. ಬೇಸಿಗೆ ಮುಗಿದು ತಂಪು ಏರುತ್ತಾ ಬಂದಂತೆ ಅದು ಬೆಳವಣಿಗೆ ನಿಲ್ಲಿಸುತ್ತದೆ, ಕೊಂಬೆಯ ತುದಿಯಲ್ಲಿ ಮೊಗ್ಗು ಮುಚ್ಚುತ್ತದೆ. ಆಮೇಲೆ ಬರುವ ಸಣ್ಣ ಚಳಿಗಳಲ್ಲಿ ಪಿಷ್ಟ ಸಕ್ಕರೆಯಾಗುತ್ತದೆ. ತೊಗಟೆಯಲ್ಲಿ ನೀರು ಜೀವಕೋಶದೊಳಗಿನಿಂದ ಹೊರಗಿನ ಸಂದಿಗೆ ಸರಿದು ಅಲ್ಲಿ ಹೆಪ್ಪುಗಟ್ಟುತ್ತದೆ, ಕೋಶ ಉಳಿಯುತ್ತದೆ. ಕಾಂಡದ ಒಳಗಿನ ಕೋಶಗಳ ದಾರಿ ಇನ್ನೂ ವಿಚಿತ್ರ: ಅಲ್ಲಿ ನೀರು ಸೊನ್ನೆಗಿಂತ ಎಷ್ಟೋ ಕೆಳಗಿಳಿದರೂ ಹೆಪ್ಪಾಗದೆ ದ್ರವವಾಗಿಯೇ ನಿಲ್ಲುತ್ತದೆ. ಈ ಆಟ ಮೈನಸ್ 40ರ ಸುಮಾರಿಗೆ ಮುಗಿಯುತ್ತದೆ, ಸೆಲ್ಸಿಯಸ್ ಆದರೂ ಫ್ಯಾರನ್‌ಹೀಟ್ ಆದರೂ ಅದೇ ಸಂಖ್ಯೆ. ಈ ತಯಾರಿಗೆ ಎರಡು ಮೂರು ತಿಂಗಳು ಬೇಕು, ನಡುವೆ ಯಾರೂ ಎಬ್ಬಿಸಬಾರದು.

ಎಬ್ಬಿಸಿದವನು ನಾನು. ತಿಪಟೂರಿನ ತೆಂಗಿನ ತೋಟದಲ್ಲಿ ಬೆಳೆದವನಿಗೆ ಗಿಡ ಕಂಡರೆ ಗೊಬ್ಬರ ಹಾಕದೆ ಕೈ ಸುಮ್ಮನಿರುವುದಿಲ್ಲ. 2016ರ ಆಗಸ್ಟ್ ಕೊನೆಯಲ್ಲಿ, ಚಳಿಗಾಲಕ್ಕೆ ಮುಂಚೆ ಗಟ್ಟಿಯಾಗಲಿ ಎಂದು ಎರಡೂ ಸಸಿಗೆ ಎರಡೆರಡು ಚೀಲ ಸಗಣಿ ಗೊಬ್ಬರ ಸುರಿದೆ. ಸೆಪ್ಟೆಂಬರ್‌ನಲ್ಲಿ ಮೊಳದುದ್ದ ಎಳೆ ಚಿಗುರು ಬಂತು. ಊರಿಗೆ ಚಿತ್ರ ಕಳಿಸಿ ಮೆಚ್ಚಿಸಿಕೊಂಡೆ. ಚಳಿಗಾಲ ಆ ಚಿಗುರನ್ನೆಲ್ಲ ತೆಗೆದುಕೊಂಡು ಹೋಯಿತು. ಉಳಿದ ಸಾರಜನಕದಿಂದ ಮುಂದಿನ ಬೇಸಿಗೆಯಲ್ಲಿ ಮತ್ತೆ ಹುಚ್ಚು ಚಿಗುರು, ಅದರ ಬೆನ್ನಿಗೆ ಫೈರ್ ಬ್ಲೈಟ್ ಎಂಬ ರೋಗ. ಎಳೆ ಕೊಂಬೆಯ ತುದಿ ಕಪ್ಪಾಗಿ ಕೊಡೆಯ ಹಿಡಿಯಂತೆ ಬಾಗುತ್ತದೆ, ಎಲೆ ಸುಟ್ಟಂತೆ ಆದರೂ ಉದುರುವುದಿಲ್ಲ. ನಮ್ಮ ಭತ್ತದ ಬೆಂಕಿರೋಗಕ್ಕೂ ಇದಕ್ಕೂ ಹೆಸರು ಬಿಟ್ಟರೆ ನಂಟಿಲ್ಲ: ಅದು ಶಿಲೀಂಧ್ರ, ಇದು ಬ್ಯಾಕ್ಟೀರಿಯಾ. ಗಿಡಗಳಿಗೂ ಬ್ಯಾಕ್ಟೀರಿಯಾದಿಂದ ರೋಗ ಬರುತ್ತದೆ ಎಂದು ಮೊದಲು ತೋರಿಸಿಕೊಟ್ಟದ್ದೇ ಈ ರೋಗ, 1880ರ ಸುಮಾರಿಗೆ ಇಲಿನಾಯ್‌ನ ಥಾಮಸ್ ಬರಿಲ್ ಅವರ ಕೈಯಲ್ಲಿ. ಮದ್ದು ಹುಡುಕುತ್ತಾ ಕೂರಬೇಡಿ. ಕಪ್ಪಾದ ಜಾಗದಿಂದ ಒಂದಡಿ ಕೆಳಗೆ, ಒಣ ದಿನ ನೋಡಿ ಕತ್ತರಿಸಿ. ಪ್ರತಿ ಸಲವೂ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ. ಗೌರ್ಮೆಯ ಅರ್ಧ ಮರ ಹಾಗೆ ಹೋಯಿತು. ಆಮೇಲೆ ಇಂದಿನವರೆಗೂ ನಾನು ಹಾಕುವುದು ಏಪ್ರಿಲ್‌ನಲ್ಲಿ ಒಂದು ಬಾಂಡಲಿ ಕಾಂಪೋಸ್ಟ್ ಮಾತ್ರ. ಜೂನ್ ದಾಟಿದರೆ ಏನೂ ಇಲ್ಲ. ನೀರು ಬೇರೆ ಮಾತು, ಮೊದಲೆರಡು ವರ್ಷ ನೆಲ ಹೆಪ್ಪುಗಟ್ಟುವವರೆಗೂ ಬೇರು ಒಣಗಬಾರದು.

ನೆಡುವುದು ಸುಲಭ. ಅಗೆಯುವ ಕೆಲವು ದಿನ ಮೊದಲು 811ಕ್ಕೆ ಕರೆ ಮಾಡಿದರೆ ನೆಲದಡಿಯ ಗ್ಯಾಸ್, ವಿದ್ಯುತ್ ತಂತಿಗಳಿಗೆ ಪುಕ್ಕಟೆ ಗುರುತು ಹಾಕುತ್ತಾರೆ. ದಿನಕ್ಕೆ ಆರೆಂಟು ಗಂಟೆ ಬಿಸಿಲು ಬೀಳುವ ಜಾಗವಿರಲಿ. ಹಿತ್ತಿಲು ಇಳಿಜಾರಾಗಿದ್ದರೆ ತಗ್ಗಿನಲ್ಲಿ ನೆಡಬೇಡಿ, ತಣ್ಣನೆಯ ಗಾಳಿ ನೀರಿನಂತೆ ಹರಿದು ಅಲ್ಲಿ ನಿಲ್ಲುತ್ತದೆ. ಗುಂಡಿ ಅಗಲವಾಗಿರಲಿ, ಆಳ ಬೇರಿನ ಗಡ್ಡೆಯಷ್ಟೇ ಸಾಕು, ಕಸಿ ಗಂಟು ಮಣ್ಣಿನಿಂದ ಎರಡು ಮೂರು ಇಂಚು ಮೇಲೆ ನಿಲ್ಲಬೇಕು. ಪೇರ್ ಕೊಂಬೆಗಳು ಕೈಮುಗಿದಂತೆ ನೆಟ್ಟಗೆ ಏರುತ್ತವೆ. ಎಳೆಯದರಲ್ಲೇ ಬಟ್ಟೆ ಕ್ಲಿಪ್ ಸಿಕ್ಕಿಸಿ ಪಕ್ಕಕ್ಕೆ ಬಾಗಿಸಿದರೆ ಬೇಗ ಕಾಯಿಗೆ ಬರುತ್ತವೆ.

ಚಳಿಗಾಲದಲ್ಲಿ ಕಾಯಬೇಕಾದದ್ದು ಎರಡರಿಂದ. ಒಂದು ಮಾರ್ಚ್ ಬಿಸಿಲು. ಮಧ್ಯಾಹ್ನದ ಬಿಸಿಲಿಗೆ ಕಾಂಡದ ನೈಋತ್ಯದ ಮಗ್ಗುಲು ಬೆಚ್ಚಗಾಗಿ ಎಚ್ಚರಗೊಳ್ಳುತ್ತದೆ, ಸೂರ್ಯ ಮುಳುಗಿದ ಗಳಿಗೆಗೆ ಮೈನಸ್ ಇಪ್ಪತ್ತು. ತೊಗಟೆ ಸತ್ತು ಉದ್ದಕ್ಕೆ ಸೀಳುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಬಿಳಿಯ ಪ್ಲಾಸ್ಟಿಕ್ ಸುರುಳಿ ಸುತ್ತಿ, ಕಪ್ಪು ಬೇಡ. ಇನ್ನೊಂದು ಮೊಲ ಮತ್ತು ಹಿಮದಡಿ ಸುರಂಗ ತೋಡುವ ಇಲಿ. ಬುಡದ ಸುತ್ತ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹಾಕಿ. ಎರಡಡಿ ಜಾಲರಿ ಸಾಕೆಂದು ನಾನು ತಿಳಿದಿದ್ದೆ. ಎರಡಡಿ ಹಿಮ ಬಿದ್ದ ವರ್ಷ ಮೊಲ ಅದರ ಮೇಲೆ ನಿಂತು ಆರಾಮವಾಗಿ ಊಟ ಮಾಡಿತು. ಈಗ ನಾಲ್ಕಡಿ.

ಇಷ್ಟು ಮಾಡಿ ಜನವರಿಯಲ್ಲಿ ಮನೆಯೊಳಗೆ ಕಾಫಿ ಕುಡಿಯುತ್ತಾ ಕೂರಿ. ಹೆದರಬೇಕಾದದ್ದು ಮೇ ತಿಂಗಳ ಮೈನಸ್ ಮೂರಕ್ಕೆ. ಪೇರ್ ಸೇಬಿಗಿಂತ ಮೊದಲೇ ಹೂಬಿಡುತ್ತದೆ. ಅರಳಿದ ಹೂವು ಮೈನಸ್ 2ರಲ್ಲಿ ಹತ್ತಕ್ಕೆ ಒಂದು, ಮೈನಸ್ 4ರ ಆಚೆ ಹತ್ತಕ್ಕೆ ಒಂಬತ್ತು ಸಾಯುತ್ತದೆ. ಜನವರಿಯಲ್ಲಿ ಮೈನಸ್ 33 ತಡೆದ ಅದೇ ಮರ! ಒಂದು ವರ್ಷ ಬೆಳಿಗ್ಗೆ ಎದ್ದು ನೋಡಿದರೆ ಎಸಳುಗಳೆಲ್ಲ ಬೆಳ್ಳಗೆ ಚೆನ್ನಾಗಿಯೇ ಇದ್ದವು. ಹತ್ತಿರ ಹೋಗಿ ನೋಡಿದೆ, ಪ್ರತಿ ಹೂವಿನ ನಡುವೆ ಕಪ್ಪು ಚುಕ್ಕಿ. ಅಂಡಾಶಯ ಸತ್ತಿತ್ತು, ಆ ವರ್ಷ ಒಂದು ಕಾಯಿಯೂ ಇಲ್ಲ. ಆ ಹಳೆಯ ಕಂಬಳಿ, ಹಾಸಿಗೆ ಬಟ್ಟೆಗಳೆಲ್ಲ ಬೇಕಾಗುವುದು ಈ ಒಂದೆರಡು ರಾತ್ರಿಗಳಿಗೆ. ಆಗ ಹೊದಿಕೆಗೆ ಅರ್ಥವಿದೆ, ಏಕೆಂದರೆ ಹಗಲಿನಲ್ಲಿ ಕಾದ ನೆಲ ರಾತ್ರಿಯಿಡೀ ಬಿಸಿ ಬಿಡುತ್ತಿರುತ್ತದೆ. ಬಟ್ಟೆ ನೆಲ ಮುಟ್ಟಬೇಕು. ಬುಡದಲ್ಲಿ ಬಿಗಿದು ಕಟ್ಟಿದರೆ ನೆಲದ ಬಿಸಿ ಹೊರಗೇ ಉಳಿಯುತ್ತದೆ. ಒಳಗೆ ಹಳೆಯ ಕಾಲದ ಕ್ರಿಸ್ಮಸ್ ಬಲ್ಬಿನ ಸರ ಹಾಕಿದರೆ ಇನ್ನೂ ಒಳ್ಳೆಯದು, ಎಲ್‌ಇಡಿ ಆದರೆ ಬರೀ ಬೆಳಕು. ಬೆಳಿಗ್ಗೆ ತೆಗೆಯಲು ಮರೆಯಬೇಡಿ, ಜೇನುನೊಣ ಬರಬೇಕು.

ಕೊಯ್ಲಿನ ಬಗ್ಗೆ ಒಂದು ಮಾತು, ಏಕೆಂದರೆ ಅಲ್ಲಿಯವರೆಗೆ ಬಂದು ಕೆಡಿಸಿಕೊಂಡವರನ್ನು ನೋಡಿದ್ದೇನೆ. ಪೇರ್ ಮರದಲ್ಲೇ ಹಣ್ಣಾಗಲು ಬಿಟ್ಟರೆ ಒಳಗಿನಿಂದ ಹೊರಕ್ಕೆ ಮಾಗುತ್ತದೆ. ಹೊರಗೆ ಚಂದ, ಕೊಯ್ದರೆ ನಡುವೆಲ್ಲ ಕಂದು ಕೆಸರು. ಮಾವನ್ನು ದೋರಗಾಯಿ ಇರುವಾಗ ಕಿತ್ತು ಹುಲ್ಲಿನಲ್ಲಿ ಇಡುವುದಿಲ್ಲವೇ, ಅದೇ ಲೆಕ್ಕ. ತೂಗುವ ಕಾಯನ್ನು ಹಿಡಿದು ಅಡ್ಡಕ್ಕೆ ಎತ್ತಿ, ತೊಟ್ಟು ತಾನಾಗಿ ಕಳಚಿಕೊಂಡರೆ ಹೊತ್ತಾಗಿದೆ. ಸಮ್ಮರ್‌ಕ್ರಿಸ್ಪ್ ಆಗಸ್ಟ್ ನಡುವಿಗೆ ಬರುತ್ತದೆ. ಅದನ್ನು ಮಾಗಿಸುವುದೂ ಬೇಡ, ಹಸಿರಿರುವಾಗಲೇ ಕರುಂ ಕುರುಂ ಎಂದು ತಿನ್ನಬೇಕು. ನಮ್ಮ ಮನೆಯಲ್ಲಿ ಅರ್ಧ ಉಪ್ಪುಖಾರಕ್ಕೆ, ಉಳಿದರ್ಧ ಅನಾನಸ್ ಗೊಜ್ಜಿನ ಹದದಲ್ಲಿ ಗೊಜ್ಜಿಗೆ ಹೋಗುತ್ತದೆ. ಮೊದಲ ವರ್ಷ ಅಮ್ಮನಿಗೆ ಫೋನಿನಲ್ಲಿ ‘ಪೇರ್ ಬಿಟ್ಟಿದೆ’ ಎಂದೆ. ಪಕ್ಕದಲ್ಲಿದ್ದ ಧಾರವಾಡದ ಅತ್ತಿಗೆ ಪೇರಲ ಎಂದು ಕೇಳಿಸಿಕೊಂಡು, ‘ಅಮೆರಿಕದಲ್ಲಿ ಸೀಬೆಯೇ?’ ಎಂದು ಬೆರಗಾದರು. ಮರಸೇಬು ಎಂದ ಮೇಲೆ ಅಮ್ಮನಿಗೆ ಅರ್ಥವಾಯಿತು, ‘ಅಯ್ಯೋ, ಆ ಕಲ್ಲಿನಂಥದ್ದೇ?’ ಎಂದರು.

ಕೊನೆಗೆ ನಿಮ್ಮ ಸತ್ತ ಗಿಡದ ಮಾತು. ಬುಡದ ಚಿಗುರು ಕಸಿ ಗಂಟಿಗಿಂತ ಕೆಳಗಿನಿಂದ ಬಂದಿದ್ದರೆ ಅದು ಬಾರ್ಟ್‌ಲೆಟ್ ಅಲ್ಲ, ಬೇರಿಗಾಗಿ ಬಳಸಿದ ಬೇರೆ ಪೇರ್. ಹಾಗೆಯೇ ಬೆಳೆಸಿದರೆ ತಿನ್ನುವ ಹಣ್ಣು ಸಿಗುವ ಭರವಸೆಯಿಲ್ಲ. ಆದರೆ ಆ ಬೇರು ಒಂದು ಚಳಿಗಾಲ ದಾಟಿದೆ, ಕಿತ್ತೆಸೆಯಬೇಡಿ. ಚಿಗುರುಗಳಲ್ಲಿ ನೆಟ್ಟಗಿರುವ ಒಂದನ್ನು ಮಾತ್ರ ಉಳಿಸಿಕೊಂಡು ಈ ಬೇಸಿಗೆಯಲ್ಲಿ ಬೆರಳು ಗಾತ್ರ ಮಾಡಿ, ಮುಂದಿನ ಏಪ್ರಿಲ್ ಕೊನೆಯಲ್ಲಿ ಅದಕ್ಕೆ ಕಸಿ ಕಟ್ಟಬಹುದು. ನಾನು ಪ್ರತಿ ಮಾರ್ಚ್‌ನಲ್ಲಿ ಮರ ಸವರುವಾಗ ಸಮ್ಮರ್‌ಕ್ರಿಸ್ಪ್ ಮತ್ತು ಯೂರ್‌ನ ಪೆನ್ಸಿಲ್ ದಪ್ಪದ ಕಡ್ಡಿಗಳು ಕಂತೆಗಟ್ಟಲೆ ಉಳಿಯುತ್ತವೆ. ಒದ್ದೆ ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿ ಇಟ್ಟಿರುತ್ತೇನೆ, ಸೇಬಿನಿಂದ ದೂರ. ಫೆಬ್ರವರಿಯಲ್ಲಿ ಇಲ್ಲೇ ಒಂದು ಸಾಲು ಬರೆದು ನೆನಪಿಸಿ, ನಿಮ್ಮ ಪಾಲು ತೆಗೆದಿಡುತ್ತೇನೆ.