ಏರ್ ಪ್ಯೂರಿಫೈಯರ್‌ಗಳ ಸ್ವತಂತ್ರ ರಿವ್ಯೂ ನಂಬಬಹುದಾ?

ಅಳತೆ ಮಾಡಿ ಬರೆದಿದ್ದರೆ ನಂಬಬಹುದು. ಸುಮ್ನೆ ನಾಲ್ಕು ದಿನ ಬಳಸಿ "ಗಾಳಿ ಫ್ರೆಶ್ ಆಯ್ತು" ಅಂದರೆ ಬೇಡ. 2.5 ಮೈಕ್ರಾನ್‌ಗಿಂತ ಸಣ್ಣ ಕಣ ಕಣ್ಣಿಗೆ ಕಾಣುವುದೇ ಇಲ್ಲ.

ಹೆಪಾ ಫಿಲ್ಟರ್ (ಈ ಯಂತ್ರಗಳಲ್ಲಿರುವ, ತುಂಬಾ ಸಣ್ಣ ಕಣ ಹಿಡಿಯುವ ಫಿಲ್ಟರ್) 0.3 ಮೈಕ್ರಾನ್ ಕಣಗಳಲ್ಲಿ 99.97% ಹಿಡಿಯುತ್ತದೆ ಅನ್ನುವುದು ಫಿಲ್ಟರ್ ಮೂಲಕ ಹಾದುಹೋದ ಗಾಳಿಯ ಲೆಕ್ಕ ಅಷ್ಟೇ. ಫ್ಯಾನ್‌ಗೆ ಶಕ್ತಿಯಿಲ್ಲದಿದ್ದರೆ ಕೋಣೆಯ ಗಾಳಿ ಅದರೊಳಗೆ ಹೋಗುವುದೇ ಕಮ್ಮಿ, ಅಲ್ವಾ? ಹಾಗಾಗಿ ಸಿಎಡಿಆರ್ ನೋಡಿ, ಅಂದರೆ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬ ಅಂಕಿ. ಒಳ್ಳೆಯ ರಿವ್ಯೂ ಮಾಡುವವರು ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕಿ, ಅದು ಇಳಿಯುವ ವೇಗವನ್ನು ಬೇರೆ ಮೀಟರ್‌ನಲ್ಲಿ ಅಳೆಯುತ್ತಾರೆ. ಹೊಗೆ ತಾನಾಗಿಯೂ ಇಳಿಯುತ್ತದಲ್ಲ, ಅದಕ್ಕೆ ಯಂತ್ರ ಆಫ್ ಇದ್ದಾಗಲೂ ಒಮ್ಮೆ ಅಳೆಯುತ್ತಾರೆ. ಗಾಳಿ ಶುದ್ಧ ಎಂದು ತೋರಿಸುವ ಯಂತ್ರದ ಹಸಿರು ದೀಪವನ್ನೇ ಸಾಕ್ಷಿ ಮಾಡಿಕೊಂಡವರನ್ನು ಬಿಟ್ಟುಬಿಡಿ. ಫುಲ್ ಸ್ಪೀಡ್‌ನ ಅಂಕಿಯೊಂದೇ ಸಾಲದು, ರಾತ್ರಿ ಆ ಸದ್ದಿನಲ್ಲಿ ಮಲಗುವುದು ಕಷ್ಟ.