ಬೋರ್ಡು ಬರೆದ ವರ್ಷಗಳನ್ನು ಏಕೆ ಮುಚ್ಚಿಡಬೇಕು?

ಉಡುಪಿಯಿಂದ ಬಂದ ನಿಮ್ಮ ಪತ್ರವನ್ನು ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು. ಅದು ನಿಮ್ಮ ಮೇಲಲ್ಲ. ಚಿತ್ರಕಲೆಯಲ್ಲಿ ಡಿಪ್ಲೊಮಾ ಮುಗಿಸಿ ಗುರುಗಳೊಬ್ಬರ ಕೈಕೆಳಗೆ ಅಂಗಡಿ ಬೋರ್ಡು, ನಾಟಕದ ಪರದೆಗಳನ್ನು ಬರೆದಿರಿ. ಫ್ಲೆಕ್ಸ್ ಬಂದು ಕುಂಚದ ಕೆಲಸ ನಿಂತಾಗ ಫ್ಲೆಕ್ಸ್ ಅಂಗಡಿಯಲ್ಲೇ ಕೋರೆಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶ ಕಲಿತು, ಬಳಿಕ ಮದುವೆ ಆಲ್ಬಮ್‌ಗಳ ವಿನ್ಯಾಸಕ್ಕಿಳಿದಿರಿ. ಈಗ 38ರ ವಯಸ್ಸಿನಲ್ಲಿ ಮಂಗಳೂರಿನ ಕಂಪನಿಯೊಂದು ಆ್ಯಪ್ ವಿನ್ಯಾಸದ ಕೆಲಸಕ್ಕೆ ಸಂದರ್ಶನಕ್ಕೆ ಕರೆದಿದೆ. ಬೆಂಗಳೂರಿನ ಭಾವನವರು, ಬಯೋಡೇಟಾದಲ್ಲಿ ಬೋರ್ಡು, ಫ್ಲೆಕ್ಸ್ ಎಂದೆಲ್ಲ ಹಾಕಿದರೆ ಪೈಂಟರ್ ಎಂದುಕೊಳ್ಳುತ್ತಾರೆ, ಅಷ್ಟೂ ವರ್ಷ ಫ್ರೀಲ್ಯಾನ್ಸ್ ಎಂದು ಬರೆ ಎಂದಿದ್ದಾರೆ. ಹಾಗೆ ಬರೆಯಲೇ ಎಂಬುದು ನಿಮ್ಮ ಪ್ರಶ್ನೆ.

ಪತ್ರದ ಕೊನೆಯಲ್ಲಿ ನೀವು ತಲೆನೋವಿನ ಸಂಗತಿಯೆಂಬಂತೆ ಒಂದು ಸಾಲು ಬರೆದಿದ್ದೀರಿ: ಅಂಗಡಿ ಬಿಟ್ಟು ಇಷ್ಟು ಕಾಲವಾದರೂ, ಎರಡು ವರ್ಷಕ್ಕೊಮ್ಮೆ ಕೃಷ್ಣ ಮಠದ ಪರ್ಯಾಯ ಉತ್ಸವ ಬಂದಾಗ ಸ್ವಾಗತ ಫಲಕಗಳ ಒತ್ತಕ್ಷರ ಸರಿಪಡಿಸಲು ಹಳೆಯ ಮಾಲೀಕರು ನಿಮ್ಮನ್ನೇ ಕರೆಯುತ್ತಾರೆ. ನಾನು ಹಿಡಿದುಕೊಂಡದ್ದು ಆ ಸಾಲನ್ನೇ.

‘ರಾಷ್ಟ್ರೀಯ’ ಎಂದು ಬೋರ್ಡಿನಲ್ಲಿ ಬರೆಯುವವನು ಷಕಾರದ ಕೆಳಗೆ ಟಕಾರ, ರಕಾರಗಳ ಒತ್ತಿಗೆ ಜಾಗ ಬಿಟ್ಟುಕೊಂಡೇ ಮೊದಲ ಗೆರೆ ಎಳೆಯುತ್ತಾನೆ. ಇಂಗ್ಲಿಷ್ ಅಕ್ಷರದ ಅಳತೆಗೆ ಕಟ್ಟಿದ ಎಷ್ಟೋ ಆ್ಯಪ್‌ಗಳಲ್ಲಿ ಆ ಜಾಗವೇ ಇರುವುದಿಲ್ಲ. ಒತ್ತುಗಳು ಬಟನ್‌ನ ಅಂಚಿಗೆ ಸಿಕ್ಕಿ ಕತ್ತರಿಸಿಹೋಗುತ್ತವೆ, ಇಲ್ಲವೇ ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಾಗುತ್ತವೆ. ‘ಸೇವ್’ ಎಂಬುದು ‘ಉಳಿಸಿಕೊಳ್ಳಿ’ ಎಂದಾದಾಗ ಬಟನ್ ಸಾಲುವುದಿಲ್ಲ. ಇದನ್ನು ಕಣ್ಣಳತೆಯಲ್ಲೇ ಹಿಡಿಯಬಲ್ಲವರು ನೀವು. ಆ್ಯಪ್ ವಿನ್ಯಾಸಕ್ಕೆ ಬಳಸುವ ಫಿಗ್ಮಾ ತಂತ್ರಾಂಶ ಹೊಸದಿರಬಹುದು, ಕೋರೆಲ್‌ಡ್ರಾದಲ್ಲಿ ಪಳಗಿದ ಕೈಗೆ ಅದು ದೊಡ್ಡ ಮಾತಲ್ಲ.

ಕೈಕೆಲಸವನ್ನು ಕೀಳೆಂದು ಬಗೆಯುವ ನೆಂಟರ ಬಗ್ಗೆ ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶದಲ್ಲಿ ನೀವು ಬೆರಳಾಡಿಸುವ ಕೀಲಿಮಣೆಯ ವಿನ್ಯಾಸವು ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು, ಅವರೂ ವಿಜ್ಞಾನ ಓದಿ ಅಚ್ಚಿನ ಅಕ್ಷರಗಳ ಕಡೆಗೆ ಹೊರಳಿದವರೇ. ಭಾವನವರಿಗೆ ಇದು ಗೊತ್ತಿದ್ದಂತಿಲ್ಲ. ಅವರ ಸಲಹೆಯಂತೆ ಫ್ರೀಲ್ಯಾನ್ಸ್ ಎಂದು ಬರೆದರೆ, ಯಾರಿಗೆ ಏನು ಮಾಡಿಕೊಟ್ಟಿರಿ ಎಂಬ ಮೊದಲ ಪ್ರಶ್ನೆಗೇ ನೀವು ತಡವರಿಸುತ್ತೀರಿ. ನಿಮ್ಮ ಅಂಜಿಕೆಯ ಬಗ್ಗೆ ನನಗೆ ಹೆಚ್ಚು ಮರುಕವಿಲ್ಲ; ನನ್ನ ಮರುಕವೆಲ್ಲ ನಿಮ್ಮ ಗುರುಗಳಿಗೆ. ಫ್ಲೆಕ್ಸ್ ಬಂದ ಮೇಲೆ ಅವರು ಕುಂಚ ಕೆಳಗಿಟ್ಟರೆಂದು ಅರ್ಧ ವಾಕ್ಯದಲ್ಲಿ ಹೇಳಿ ನೀವು ಮುಂದೆ ಹೋಗಿಬಿಟ್ಟಿದ್ದೀರಿ.

ಆದ್ದರಿಂದ ನಾನು ಹೇಳುವುದು ಒಂದೇ. ಕೆಲಸದ ಮಾದರಿಗಳನ್ನು ತೋರಿಸುವ ಪೋರ್ಟ್‌ಫೋಲಿಯೊದ ಮೊದಲ ಪುಟದಲ್ಲಿ, ನೀವು ಕೈಯಾರೆ ಬರೆದು ಇನ್ನೂ ಎಲ್ಲಾದರೂ ಉಳಿದಿರುವ ಬೋರ್ಡೊಂದರ ಫೋಟೊ ಹಾಕಿ, ಅದರ ಪಕ್ಕದಲ್ಲೇ ಒತ್ತಕ್ಷರ ಕತ್ತರಿಸಿಹೋದ ಆ್ಯಪ್ ಪರದೆಯೊಂದನ್ನೂ ನೀವು ತಿದ್ದಿದ ಅದರ ರೂಪವನ್ನೂ ಇಡಿ. ಸಾಲುಗಳ ನಡುವಿನ ಅಂತರವನ್ನು ಎಷ್ಟು ಹೆಚ್ಚಿಸಿದಿರಿ, ಏಕೆ ಎಂಬುದನ್ನು ಕೆಳಗೆ ಬರೆಯಿರಿ. ಸಂದರ್ಶನ ಮುಗಿಯುವವರೆಗೆ ಭಾವನವರಿಗೆ ಅದನ್ನು ತೋರಿಸಬೇಕಾಗಿಲ್ಲ.