ಅಂಗೈಯೋ ಮಣಿಕಟ್ಟೋ: ಶಿಲುಬೆಯ ಪ್ರತಿಮೆ ಕೆತ್ತುವವರಿಗೆ

ಚರ್ಚಿಗಾಗಿ ತೇಗದ ಮರದಲ್ಲಿ ಶಿಲುಬೆಯ ಯೇಸುವನ್ನು ಕೆತ್ತುತ್ತಿರುವ ತಾವು, ಮೊಳೆಯನ್ನು ಅಂಗೈಯಲ್ಲಿ ತೋರಿಸಬೇಕೇ ಮಣಿಕಟ್ಟಿನಲ್ಲಿ ತೋರಿಸಬೇಕೇ ಎಂದು ಕೇಳಿದ್ದೀರಿ. ಅಂಗೈ ಭಾರ ತಾಳದೆ ಹರಿದುಹೋಗುವುದರಿಂದ ಹಳೆಯ ಪ್ರತಿಮೆಗಳೆಲ್ಲ ತಪ್ಪು ಎಂದು ಇಲ್ಲಿ ಇಬ್ಬರು ಖಂಡಿತವಾಗಿ ಹೇಳಿದ್ದಾರೆ. ನನಗೆ ಅಷ್ಟು ಖಾತರಿಯಿಲ್ಲ.

ಆ ವಾದವನ್ನು ಪ್ರಚಾರಕ್ಕೆ ತಂದವರು ಪ್ಯಾರಿಸ್ಸಿನ ಶಸ್ತ್ರವೈದ್ಯ ಪಿಯೆರ್ ಬಾರ್ಬೆ. 1930ರ ದಶಕದಲ್ಲಿ ಅವರು ಕತ್ತರಿಸಿದ ತೋಳಿಗೆ ಮೊಳೆ ಹೊಡೆದು, ಭಾರ ತೂಗಿಬಿಟ್ಟು ನೋಡಿದ್ದರು. ಆದರೆ ಕಾಲು ಭಾರ ಹೊತ್ತಿದ್ದರೆ ಅಥವಾ ತೋಳನ್ನು ಹಗ್ಗದಿಂದಲೂ ಬಿಗಿದಿದ್ದರೆ ಲೆಕ್ಕವೇ ಬದಲಾಗುತ್ತದೆ. ಸುವಾರ್ತೆಯ ಗ್ರೀಕ್ ಪದದಿಂದಲೂ ಇತ್ಯರ್ಥವಾಗದು. ನಮ್ಮ ‘ಕೈ’ಯಂತೆಯೇ ಅದು ಮಣಿಕಟ್ಟನ್ನೂ ಒಳಗೊಳ್ಳಬಲ್ಲದು.

ಮೂಳೆಯ ಸಾಕ್ಷ್ಯ ಸಿಕ್ಕಿರುವುದು ಕಾಲಿನ ವಿಷಯದಲ್ಲಿ. 1968ರಲ್ಲಿ ಜೆರುಸಲೇಮಿನ ಗಿವತ್ ಹಮಿವ್ತಾರ್‌ನಲ್ಲಿ ದೊರೆತ, ರೋಮನ್ನರ ಕಾಲದಲ್ಲಿ ಶಿಲುಬೆಗೇರಿದ್ದ ಯೆಹೋಹನನ್ ಎಂಬಾತನ ಬಲ ಹಿಮ್ಮಡಿಯ ಮೂಳೆಯಲ್ಲಿ, ಸುಮಾರು 11.5 ಸೆಂಟಿಮೀಟರ್ ಉದ್ದದ ಮೊಳೆ ಪಕ್ಕದಿಂದ ತೂರಿ ಹಾಗೆಯೇ ಉಳಿದಿತ್ತು. 1985ರಲ್ಲಿ ಅದನ್ನು ಮರುಪರಿಶೀಲಿಸಿದ ಸಂಶೋಧಕರಾದ ಝಿಯಾಸ್ ಮತ್ತು ಸೆಕೆಲೆಸ್, ಕಾಲುಗಳು ಕಂಬದ ಎರಡು ಬದಿಗೆ ಇದ್ದಿರಬೇಕು, ತೋಳುಗಳನ್ನು ಬಹುಶಃ ಕಟ್ಟಿದ್ದಿರಬೇಕು ಎಂದರು. ಹಾಗಾದರೆ ಪಾದದ ಮೇಲೆ ಪಾದವಿಟ್ಟು ಒಂದೇ ಮೊಳೆ ಹೊಡೆಯುವ ಭಂಗಿ ಈ ಒಂದು ಉದಾಹರಣೆಗೆ ಹೊಂದುವುದಿಲ್ಲ. ರೋಮನ್ನರು ಎಲ್ಲೆಡೆ ಒಂದೇ ಕ್ರಮ ಅನುಸರಿಸಿದರೆಂದು ಭಾವಿಸುವುದೂ ಸರಿಯಲ್ಲ.

ನನ್ನ ಮಟ್ಟಿಗೆ ಮೊಳೆಗಿಂತ ದೊಡ್ಡ ತಪ್ಪು ಭಾರದ್ದು. ತೋಳುಗಳು ಲಂಬರೇಖೆಯಿಂದ 60 ಡಿಗ್ರಿ ಚಾಚಿದ್ದು, ಕಾಲಿಗೆ ಆಸರೆಯಿಲ್ಲದಿದ್ದರೆ, 70 ಕಿಲೋ ತೂಕದ ದೇಹದಲ್ಲಿ ಒಂದೊಂದು ತೋಳಿನ ಮೇಲೂ 70 ಕಿಲೋದಷ್ಟೇ ಎಳೆತ ಬೀಳುತ್ತದೆ. ಇನ್ನೂ ಅಡ್ಡವಾದಂತೆ ಎಳೆತ ಹೆಚ್ಚುತ್ತದೆ. ಆದರೂ ಬಹಳಷ್ಟು ಪ್ರತಿಮೆಗಳಲ್ಲಿ ನೆಲದ ಮೇಲೆ ನಿಂತು ಕೈ ಚಾಚಿದವನ ಮೈಯೇ ಕಾಣುತ್ತದೆ. ಇದೇ ಸಂಶಯದಿಂದ 1801ರಲ್ಲಿ ಲಂಡನ್ನಿನ ಶಿಲ್ಪಿ ಥಾಮಸ್ ಬ್ಯಾಂಕ್ಸ್, ಚಿತ್ರಕಾರರಾದ ಬೆಂಜಮಿನ್ ವೆಸ್ಟ್ ಮತ್ತು ರಿಚರ್ಡ್ ಕಾಸ್ವೇ, ಗಲ್ಲಿಗೇರಿದ ಜೇಮ್ಸ್ ಲೆಗ್ಗನ ಶವವನ್ನು ಶಸ್ತ್ರವೈದ್ಯ ಕಾರ್ಪ್ಯೂ ಅವರ ನೆರವಿನಿಂದ ಶಿಲುಬೆಗೆ ಜಡಿಸಿ, ಚರ್ಮ ಸುಲಿಸಿ ಅಚ್ಚು ತೆಗೆಸಿದರು. ಕೇಳಲು ಹೇಸಿಗೆಯೆನಿಸಿದರೂ, ಲಂಡನ್ನಿನ ಕಲಾಸಂಸ್ಥೆಯಾದ ರಾಯಲ್ ಅಕಾಡೆಮಿಯಲ್ಲಿರುವ ಆ ಅಚ್ಚಿನ ಚಿತ್ರವನ್ನು ಉಳಿ ಹಿಡಿಯುವ ಮುನ್ನ ನೋಡಿರಿ. ಅದು ಶವದ್ದು, ಜೀವಂತ ದೇಹ ತಡೆಯುವ ರೀತಿ ಅದರಲ್ಲಿರದು ಎಂಬುದು ಮಾತ್ರ ನೆನಪಿರಲಿ.

ಆದ್ದರಿಂದ ಭುಜಗಳನ್ನು ಕಿವಿಯ ಕಡೆಗೆ ಏರಿಸಿರಿ, ತಲೆಯನ್ನು ಅವುಗಳ ನಡುವೆ ಇಳಿಸಿರಿ, ಪಕ್ಕೆಲುಬುಗಳನ್ನು ಮೇಲೆತ್ತಿ ಅವುಗಳ ಕೆಳಗೆ ಹೊಟ್ಟೆಯನ್ನು ಒಳಸರಿಸಿರಿ, ಮಂಡಿಯನ್ನು ಸ್ವಲ್ಪ ಬಾಗಿಸಿರಿ. ಮೊಳೆಯನ್ನು ಅಂಗೈಯ ಬುಡದಲ್ಲಿ, ಮಣಿಕಟ್ಟಿಗೆ ಹತ್ತಿರವಾಗಿ ಇಟ್ಟರೆ ಭಕ್ತರ ಕಣ್ಣಿಗೂ ಅಪರಿಚಿತವೆನಿಸದು. ಫಾದರ್ ಅವರನ್ನೂ ಒಂದು ಮಾತು ಕೇಳಿಬಿಡಿರಿ. ತೋಳುಗಳನ್ನು ಬೇರೆ ತುಂಡುಗಳಲ್ಲಿ, ಮರದ ನಾರು ತೋಳಿನ ಉದ್ದಕ್ಕೆ ಬರುವಂತೆ ಕೆತ್ತಿ, ಭುಜದಲ್ಲಿ ಗೂಟವಿಟ್ಟು ಸೇರಿಸಿರಿ; ಒಂದೇ ದಿಮ್ಮಿಯಲ್ಲಿ ಕೆತ್ತಿದರೆ ತೋಳು ಅಡ್ಡನಾರಿನಲ್ಲಿ ಮುರಿಯುತ್ತದೆ.